ಉದಾಹರಣೆ ವರ್ಕ್‌ಫ್ಲೋ ಕೊಡ್ತೀರಲ್ಲ, ಪರ್ಮಿಶನ್ ಯಾಕೆ ಬೇಕು ಅಂತಾನೂ ಬರೀರಿ

ತುಂಗಾತೀರ

ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸೋರು, ಗಿಟ್‌ಹಬ್ ಆಕ್ಷನ್ (ರೆಪೊದಲ್ಲಿ, ಅಂದ್ರೆ ಕೋಡ್ ಇಡೋ ಜಾಗದಲ್ಲಿ, ತಾನಾಗೇ ಓಡೋ ಸಿದ್ಧ ಕೆಲಸ) ಬರೆದು ಹಂಚೋರು ಇಲ್ಲಿ ಸುಮಾರು ಜನ ಇದೀರಿ, ಅದಕ್ಕೆ ಇಲ್ಲೇ ಕೇಳ್ತಾ ಇದೀನಿ. ಯಾವ್ದಾದ್ರೂ ಆಕ್ಷನ್‌ನ ರೀಡ್‌ಮಿ ತೆಗೆದ್ರೆ ಮೊದಲು ಕಣ್ಣಿಗೆ ಬೀಳೋದು ಒಂದು ಯಾಮಲ್ (ಸೆಟ್ಟಿಂಗ್ ಬರೆಯೋ ಫಾರ್ಮ್ಯಾಟ್) ತುಣುಕು, ಅದನ್ನ ಕಾಪಿ ಮಾಡಿ ನಮ್ಮ ರೆಪೊದ ವರ್ಕ್‌ಫ್ಲೋಸ್ (ಯಾವಾಗ ಏನು ಓಡ್ಬೇಕು ಅಂತ ಬರೆದಿರೋ ಫೈಲ್‌ಗಳ) ಫೋಲ್ಡರ್‌ಗೆ ಹಾಕಿ ಪುಶ್ ಮಾಡಿದ್ರೆ ಕೆಲಸ ಶುರು. ಆ ತುಣುಕಲ್ಲಿ ಪರ್ಮಿಶನ್ಸ್ ಅನ್ನೋ ಭಾಗ ಎಷ್ಟೋ ಸಲ ಇರೋದೇ ಇಲ್ಲ, ಇದ್ರೂ ರೈಟ್-ಆಲ್ ಅಂತ ಒಂದೇ ಸಾಲು, ಅದೂ ಅಲ್ಲಾಂದ್ರೆ ನಾಲ್ಕೈದು ರೈಟ್‌ಗಳು ಒಂದರ ಕೆಳಗೊಂದು ಸುಮ್ನೆ ಕೂತಿರ್ತವೆ. ಯಾವ ಸಾಲು ಯಾವ ಕೆಲಸಕ್ಕೆ ಬೇಕು, ತೆಗೆದ್ರೆ ಏನು ನಿಲ್ಲುತ್ತೆ, ಇದನ್ನ ಬರೆದಿರೋರು ತುಂಬಾ ಕಡಿಮೆ.

ಇದರಲ್ಲಿ ಬರೆಯೋರ ತಪ್ಪು ಅಂತ ಪೂರ್ತಿ ಹೇಳಕ್ಕಾಗಲ್ಲ, ವ್ಯವಸ್ಥೆಯಲ್ಲೇ ಒಂದು ಗ್ಯಾಪ್ ಇದೆ. ಆಂಡ್ರಾಯ್ಡ್ ಆ್ಯಪ್ ತನಗೆ ಕ್ಯಾಮೆರಾ ಬೇಕು, ಕಾಂಟ್ಯಾಕ್ಟ್ಸ್ ಬೇಕು ಅಂತ ಮ್ಯಾನಿಫೆಸ್ಟ್‌ನಲ್ಲಿ ಹೇಳ್ಲೇಬೇಕು. ಆಕ್ಷನ್‌ಗೆ ಹಾಗಿಲ್ಲ. ಅದರ ಆಕ್ಷನ್ ಡಾಟ್ ಯಾಮಲ್ ಫೈಲಲ್ಲಿ ಇನ್‌ಪುಟ್ ಬರೀಬೋದು, ಔಟ್‌ಪುಟ್ ಬರೀಬೋದು, ನನಗೆ ಇಂಥಿಂಥ ಪರ್ಮಿಶನ್ ಬೇಕು ಅಂತ ಹೇಳೋಕೆ ಜಾಗಾನೇ ಕೊಟ್ಟಿಲ್ಲ. ಪರ್ಮಿಶನ್ ಕೊಡೋದು ಆ ಆಕ್ಷನ್ನನ್ನ ಕರೆಯೋ ವರ್ಕ್‌ಫ್ಲೋ, ಅಂದ್ರೆ ನಾವು. ಹಾಗಾಗಿ ಬರೆದವರಿಗೆ ಗೊತ್ತಿರೋದು ಬಳಸೋರಿಗೆ ತಲುಪ್ಬೇಕು ಅಂದ್ರೆ ಡಾಕ್ಯುಮೆಂಟೇಶನ್ ಬಿಟ್ರೆ ಬೇರೆ ದಾರಿನೇ ಇಲ್ಲ.

ಚೆನ್ನಾಗಿ ಮಾಡಿರೋದೂ ಇದೆ, ಹೇಳ್ಬೇಕು. ಗಿಟ್‌ಹಬ್‌ನವರದ್ದೇ ಸ್ಟೇಲ್ ಅನ್ನೋ ಆಕ್ಷನ್ ನೋಡಿ, ಬಹಳ ದಿನ ಯಾರೂ ಮುಟ್ಟದೇ ಇರೋ ಇಶ್ಯೂ, ಪಿಆರ್‌ಗಳಿಗೆ (ಪುಲ್ ರಿಕ್ವೆಸ್ಟ್, ನನ್ನ ಕೋಡ್ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಲೇಬಲ್ ಹಾಕಿ ಆಮೇಲೆ ಮುಚ್ಚೋದು ಅದರ ಕೆಲಸ. ಅದರ ರೀಡ್‌ಮಿಲಿ ಕಂಟೆಂಟ್ಸ್: ರೈಟ್ ಅನ್ನೋ ಸಾಲಿನ ಪಕ್ಕದಲ್ಲೇ ಇದು ಡಿಲೀಟ್-ಬ್ರಾಂಚ್ ಆಪ್ಶನ್‌ಗೆ ಮಾತ್ರ ಅಂತ ಕಾಮೆಂಟ್ ಹಾಕಿದಾರೆ. ಅಷ್ಟೇ, ಒಂದು ಚಿಕ್ಕ ಕಾಮೆಂಟ್. ಬ್ರಾಂಚ್ ಡಿಲೀಟ್ ಮಾಡೋದು ಬೇಡ ಅನ್ನೋರು ಆ ಸಾಲನ್ನ ಯೋಚನೆ ಮಾಡ್ದೆ ತೆಗೀಬೋದು, ಅವರ ಕೋಡ್ ಮೇಲೆ ಬರೆಯೋ ಹಕ್ಕು ಆ ಆಕ್ಷನ್ ಬಳಸೋ ಟೋಕನ್‌ಗೆ (ಅದರ ತಾತ್ಕಾಲಿಕ ಕೀ) ಹೋಗಲ್ಲ. ನಾನು ಕೇಳ್ತಿರೋದು ಇಷ್ಟೇ, ಎಲ್ಲ ಉದಾಹರಣೆಯಲ್ಲೂ ಪ್ರತಿ ಪರ್ಮಿಶನ್ ಸಾಲಿಗೂ ಹೀಗೆ ಕಾರಣ ಇರ್ಬೇಕು, ಅದೂ ಯಾಮಲ್ ಒಳಗೇ ಇರ್ಬೇಕು. ನೀವೆಲ್ಲ ಏನಂತೀರಿ?

ಆರನೇ_ಸೆಮ್

ಅಕ್ಕಾ ಒಂದು ಬೇಸಿಕ್ ಡೌಟು, ಕೇಳ್ಬೋದಾ. ಈ ಪರ್ಮಿಶನ್ ಯಾರಿಗೆ ಕೊಡೋದು? ನನ್ನ ರೆಪೊಗೆ ನಾನೇ ಓನರ್ ಅಲ್ವಾ, ನನಗೆ ಎಲ್ಲಾ ಹಕ್ಕೂ ಇದೆಯಲ್ಲ. ಇನ್ನೊಂದು ಏನಂದ್ರೆ ನಮ್ಮ ಕಾಲೇಜ್ ಕೋಡಿಂಗ್ ಕ್ಲಬ್‌ನ ಸೀನಿಯರ್ ಒಬ್ರ ರೆಪೊದಿಂದ ಒಂದು ವರ್ಕ್‌ಫ್ಲೋ ಹಾಗ್‌ಹಾಗೇ ತಗೊಂಡೆ, ಅದರಲ್ಲಿ ಪರ್ಮಿಶನ್ಸ್ ಅಂತ ಏನೂ ಇಲ್ಲ, ಅವರ ರೆಪೊದಲ್ಲಿ ಪಿಆರ್ ಮೇಲೆ ಕಾಮೆಂಟ್ ಬೀಳುತ್ತೆ, ನನ್ನ ರೆಪೊದಲ್ಲಿ ಅದೇ ಫೈಲು 403 (ಹಕ್ಕಿಲ್ಲ ಅನ್ನೋ ಎರರ್) ಕೊಡ್ತಿದೆ. ಒಂದಕ್ಷರ ಬದಲಾಯಿಸಿಲ್ಲ.

ವೈಟ್‌ಫೀಲ್ಡ್_ಎಸ್ಆರ್‌ಇ

ಪರ್ಮಿಶನ್ ನಿಮಗಲ್ಲ, ಟೋಕನ್‌ಗೆ. ವರ್ಕ್‌ಫ್ಲೋದ ಪ್ರತಿ ಜಾಬ್ ಶುರುವಾಗುವಾಗ ಗಿಟ್‌ಹಬ್ ತಾನೇ ಒಂದು ಟೋಕನ್ ಹುಟ್ಟಿಸುತ್ತೆ, ಗಿಟ್‌ಹಬ್ ಟೋಕನ್ ಅಂತಾನೇ ಹೆಸರು, ಜಾಬ್ ಮುಗಿದ್ರೆ ಅದೂ ಮುಗೀತು. ಆ ಜಾಬ್ ಒಳಗೆ ಓಡೋ ಸ್ಟೆಪ್‌ಗಳು, ನೀವು ಕರೆದಿರೋ ಯಾರದ್ದೋ ಆಕ್ಷನ್‌ಗಳೂ ಸೇರಿ, ಆ ಟೋಕನ್ ಹಿಡ್ಕೊಂಡು ನಿಮ್ಮ ರೆಪೊ ಮೇಲೆ ಕೆಲಸ ಮಾಡ್ಬೋದು. ಮೋಟರ್ ಆನ್ ಮಾಡೋಕೆ ಬಂದವರಿಗೆ ಪಂಪ್‌ಹೌಸ್ ಕೀ ಮಾತ್ರ ಕೊಡ್ತೀವಾ, ಇಡೀ ಮನೆ ಬೀಗದ ಗೊಂಚಲು ಕೊಡ್ತೀವಾ ಅನ್ನೋದೇ ಪರ್ಮಿಶನ್ಸ್ ಸಾಲು.

ನಿಮ್ಮ ಸೀನಿಯರ್ ರೆಪೊ ಯಾವಾಗಿಂದು? 2023ರ ಫೆಬ್ರವರಿಗಿಂತ ಹಿಂದಿನದು ಅಂದ್ರೆ ಕಾರಣ ಅದೇ ಇರ್ಬೇಕು. ಮೊದಲು ಏನೂ ಬರೀದೇ ಇದ್ರೆ ಡೀಫಾಲ್ಟ್ ಆಗಿ ಟೋಕನ್‌ಗೆ ರೀಡ್ ರೈಟ್ ಎರಡೂ ಇರ್ತಿತ್ತು. 2021ರ ಏಪ್ರಿಲ್‌ನಲ್ಲಿ ಪರ್ಮಿಶನ್ಸ್ ಅನ್ನೋ ಕೀ ತಂದ್ರು, ಆಗಿಂದ ಬೇಕಾದಷ್ಟೇ ಕೊಡೋಕೆ ಸಾಧ್ಯ ಆಯ್ತು. 2023ರ ಫೆಬ್ರವರಿಯಿಂದ ಸ್ವಂತ ಅಕೌಂಟ್‌ನ ಹೊಸ ರೆಪೊ, ಹೊಸ ಆರ್ಗನೈಸೇಶನ್‌ಗಳಿಗೆ ಡೀಫಾಲ್ಟೇ ರೀಡ್-ಓನ್ಲಿ ಆಯ್ತು, ಹಳೆಯವನ್ನ ಹಾಗೇ ಬಿಟ್ರು. ಆದ್ರಿಂದ ಪರ್ಮಿಶನ್ ಬರೀದೇ ಇರೋ ಉದಾಹರಣೆ ಒಂದು ಕಡೆ ಓಡುತ್ತೆ, ಇನ್ನೊಂದು ಕಡೆ ಬೀಳುತ್ತೆ, ಬರೆದವರ ಹಳೇ ರೆಪೊದಲ್ಲಿ ಅದು ಯಾವತ್ತೂ ಬೀಳೋದೇ ಇಲ್ಲ, ಅದಕ್ಕೆ ಅವರಿಗೆ ಗೊತ್ತೂ ಆಗಲ್ಲ.

ಇನ್ನೊಂದು ನೆನಪಿಟ್ಕೊಳಿ, ಒಂದೇ ಒಂದು ಪರ್ಮಿಶನ್ ಬರೆದ್ರೂ ಸಾಕು, ಬರೀದೇ ಇರೋ ಮಿಕ್ಕಿದ್ದೆಲ್ಲ none, ಅಂದ್ರೆ ಏನೂ ಇಲ್ಲ ಅಂತ ಆಗುತ್ತೆ, ಮೆಟಾಡೇಟಾ ಓದೋದೊಂದು ಬಿಟ್ಟು. ಪುಲ್-ರಿಕ್ವೆಸ್ಟ್ಸ್: ರೈಟ್ ಅಂತ ಒಂದು ಸಾಲು ಸೇರಿಸಿ ಪ್ರೈವೇಟ್ ರೆಪೊದಲ್ಲಿ ಚೆಕೌಟೇ (ರೆಪೊದ ಕೋಡ್ ಇಳಿಸ್ಕೊಳ್ಳೋ ಸ್ಟೆಪ್) ನಿಂತುಹೋಯ್ತು ಅಂತ ಒದ್ದಾಡೋರನ್ನ ಸುಮಾರು ನೋಡಿದೀನಿ.

ಬಿಲ್ಡ್_ಬಸಣ್ಣ

ತುಂಗಾತೀರ ಅಕ್ಕಾರ, ನಿಮ್ಮ ಮಾತು ಖರೇ ಐತ್ರಿ, ಆದ್ರ ಮೇಂಟೇನರ್ ಕಡಿಂದನೂ ಒಂದ್ ಸಲ ನೋಡ್ರಿ. ನಾ ಒಂದು ಸಣ್ಣ ಆಕ್ಷನ್ ನಡಸ್ತೀನಿ, ಡಾಕ್ಸ್ ಒಳಗ ಸತ್ತ ಲಿಂಕ್ ಹುಡುಕಿ ಪಿಆರ್ ಮ್ಯಾಲ ಕಾಮೆಂಟ್ ಹಾಕೂದು. ಪರ್ಮಿಶನ್ ಕಡಿಮಿ ಇಟ್ಟು ಉದಾಹರಣಿ ಕೊಟ್ಟಾಗೆಲ್ಲ ಇಶ್ಯೂ ಬಂದು ಬೀಳ್ತಾವ್ರಿ, ರಿಸೋರ್ಸ್ ನಾಟ್ ಆಕ್ಸೆಸಿಬಲ್ ಬೈ ಇಂಟಿಗ್ರೇಶನ್ ಅಂತ ಎರರ್ ಪೇಸ್ಟ್ ಮಾಡಿ ನಿಮ್ಮ ಆಕ್ಷನ್ ಕೆಟ್ಟೈತಿ ಅಂತಾರ. ಅವರ ವರ್ಕ್‌ಫ್ಲೋ ನೋಡಿದ್ರ ನಡುವ ಇನ್ನೊಂದು ಯಾವುದೋ ಆಕ್ಷನ್ ಸೇರಿಸಿರ್ತಾರ, ಅದಕ್ಕ ಬ್ಯಾರೆ ಪರ್ಮಿಶನ್ ಬೇಕಾಗಿರ್ತೈತಿ. ಸಂಜಿ ಮನಿಗೆ ಬಂದ ಮ್ಯಾಲ ಇರೂ ಒಂದ್ ತಾಸು ಇದಕ್ಕ ಹೋಗ್ತೈತಿ. ಹಿಂಗಾಗಿ ಭಾಳ ಜನ ಮೇಂಟೇನರ್‌ಗಳು ರೈಟ್ ಜಾಸ್ತಿ ಕೊಟ್ಟು ಕೈ ತೊಳಕೋತಾರ. ರೀಡ್‌ಮಿಗೆ ಒಂದು ಪರ್ಮಿಶನ್ ಪುರಾಣ ಸೇರಿಸಿದ್ರ ಅದನ್ನ ಓದೂರು ಯಾರು ಹೇಳ್ರಿ.

ತುಂಗಾತೀರ

ಬಸಣ್ಣ, ಓದಲ್ಲ ಅನ್ನೋದು ನೂರಕ್ಕೆ ನೂರು ಸರಿ, ಅದಕ್ಕೇ ಯಾಮಲ್ ಒಳಗೆ ಅಂದಿದ್ದು. ರೀಡ್‌ಮಿಲಿ ಪರ್ಮಿಶನ್ಸ್ ಅಂತ ಬೇರೆ ಹೆಡ್ಡಿಂಗ್ ಮಾಡಿ ಎರಡು ಪ್ಯಾರಾ ಬರೆದ್ರೆ ಅದು ಅಲ್ಲೇ ಉಳಿಯುತ್ತೆ, ಜನ ಕಾಪಿ ಬಟನ್ ಒತ್ತಿ ತುಣುಕು ಮಾತ್ರ ತಗೊಂಡು ಹೋಗ್ತಾರೆ. ತುಣುಕಿನ ಒಳಗಿರೋ ಕಾಮೆಂಟು ಅವರ ಜೊತೆ ಅವರ ರೆಪೊಗೆ ಹೋಗುತ್ತೆ, ಆರು ತಿಂಗಳಾದ್ಮೇಲೆ ಆ ಟೀಮ್‌ಗೆ ಹೊಸದಾಗಿ ಸೇರಿದವರು ಫೈಲ್ ತೆಗೆದಾಗ್ಲೂ ಅಲ್ಲೇ ಇರುತ್ತೆ. ನಿಮ್ಮ ಲಿಂಕ್ ಚೆಕ್ಕರ್‌ಗೆ ಹೀಗೆ ಬರೀಬೋದು ನೋಡಿ:

ಪರ್ಮಿಶನ್ಸ್: {}
ಜಾಬ್ಸ್:
  ಲಿಂಕ್-ಚೆಕ್:
    ಪರ್ಮಿಶನ್ಸ್:
      ಕಂಟೆಂಟ್ಸ್: ರೀಡ್  # ಚೆಕೌಟ್ ಮಾಡೋಕೆ
      ಪುಲ್-ರಿಕ್ವೆಸ್ಟ್ಸ್: ರೈಟ್  # ಪಿಆರ್ ಮೇಲೆ ಕಾಮೆಂಟ್ ಹಾಕೋಕೆ, ಕಾಮೆಂಟ್: ಫಾಲ್ಸ್ ಇಟ್ರೆ ಈ ಸಾಲು ತೆಗೀರಿ

ಇಲ್ಲಿ ಕೀಗಳನ್ನ ಕನ್ನಡದಲ್ಲಿ ಬರೆದಿದೀನಿ ಓದೋಕೆ ಅಂತ, ಫೈಲಲ್ಲಿ ಇಂಗ್ಲಿಷಲ್ಲೇ ಇರ್ಬೇಕು ಅಂತ ಎಲ್ರಿಗೂ ಗೊತ್ತು. ಮೇಲೆ ಖಾಲಿ ಬ್ರಾಕೆಟ್ ಇದೆಯಲ್ಲ, ಅದರರ್ಥ ಡೀಫಾಲ್ಟಾಗಿ ಯಾವ ಜಾಬ್‌ಗೂ ಏನೂ ಇಲ್ಲ. ಆಮೇಲೆ ಜಾಬ್ ಒಳಗೆ ಬೇಕಾದ್ದು. ಹೀಗೆ ಜಾಬ್ ಲೆವೆಲ್‌ನಲ್ಲಿ ಕೊಟ್ರೆ ನೀವು ಹೇಳಿದ ತೊಂದ್ರೆನೂ ಕಡಿಮೆ ಆಗುತ್ತೆ, ಬೇರೆ ಆಕ್ಷನ್ ಸೇರಿಸೋರು ಬೇರೆ ಜಾಬ್ ಮಾಡ್ಕೊಳ್ಳಿ ಅಂತ ಹೇಳ್ಬೋದು. ಮತ್ತೆ ಜಾಬ್ ಲೆವೆಲ್‌ದು ವರ್ಕ್‌ಫ್ಲೋ ಲೆವೆಲ್ ಜೊತೆ ಸೇರ್ಕೊಳ್ಳಲ್ಲ, ಅದರ ಜಾಗಕ್ಕೆ ಬಂದು ಕೂರುತ್ತೆ, ಮೇಲೆ ಕಂಟೆಂಟ್ಸ್: ರೀಡ್ ಇದೆಯಲ್ಲ ಅಂತ ಜಾಬ್ ಒಳಗೆ ಬಿಟ್ರೆ ಸಿಗಲ್ಲ. ಇದನ್ನೂ ಉದಾಹರಣೆಯಲ್ಲಿ ಒಂದು ಸಾಲು ಹೇಳಿದ್ರೆ ನಿಮ್ಮ ಇಶ್ಯೂಗಳಲ್ಲಿ ಅರ್ಧ ಬರೋದೇ ಇಲ್ಲ ಅಂತ ನನ್ನ ನಂಬಿಕೆ.

ಕಡಲಬದಿ_ಲಾಗ್ಸ್

ಸೆಕ್ಯುರಿಟಿ ಕೆಲಸ ಮಾಡೋಳಾಗಿ ಒಂದು ಮಾತು ಸೇರಿಸ್ತೇನೆ. ಇದನ್ನ ಚಂದ ಕಾಣೋಕೆ ಮಾಡೋ ಕೆಲಸ ಅಂತ ಯಾರೂ ಅಂದ್ಕೊಳ್ಬೇಡಿ.

2025ರ ಆಗಸ್ಟ್ 26ಕ್ಕೆ ಎನ್ಎಕ್ಸ್ ಅನ್ನೋ ಬಿಲ್ಡ್ ಟೂಲ್‌ನ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಕೋಡ್ ಹಂಚೋ ಜಾಗ) ಪ್ಯಾಕೇಜ್‌ಗಳಿಗೆ ಕೆಟ್ಟ ಕೋಡ್ ಸೇರಿಸಿ ಪಬ್ಲಿಶ್ ಮಾಡಿದ್ರು, ಇನ್‌ಸ್ಟಾಲ್ ಮಾಡ್ಕೊಂಡೋರ ಮಷೀನ್‌ನಿಂದ ಟೋಕನ್, ಕೀ ಎಲ್ಲ ಕದ್ದು ಅವರದ್ದೇ ಗಿಟ್‌ಹಬ್ ಅಕೌಂಟ್‌ನಲ್ಲಿ ಪಬ್ಲಿಕ್ ರೆಪೊ ಮಾಡಿ ಹಾಕುವಂಥದ್ದು. ಒಳಗೆ ನುಗ್ಗಿದ ದಾರಿ ನೋಡಿ. ಪಿಆರ್ ಟೈಟಲ್ ಸರಿ ಉಂಟಾ ಅಂತ ನೋಡೋ ಒಂದು ಚಿಕ್ಕ ವರ್ಕ್‌ಫ್ಲೋ. ಟೈಟಲ್ಲನ್ನ ನೇರ ಶೆಲ್ ಸ್ಕ್ರಿಪ್ಟ್ ಒಳಗೆ ಸುರೀತಿದ್ರು, ಹಾಗಾಗಿ ಟೈಟಲ್‌ನಲ್ಲಿ ಕಮಾಂಡ್ ಬರೆದ್ರೆ ಅದು ಓಡ್ತದೆ. ಆದ್ರೆ ಅಷ್ಟೇ ಆಗಿದ್ರೆ ಹಾನಿ ಸಣ್ಣದಿರ್ತಿತ್ತು. ಟ್ರಿಗ್ಗರ್ (ಯಾವ ಘಟನೆಗೆ ಓಡ್ಬೇಕು ಅನ್ನೋದು) ಪುಲ್-ರಿಕ್ವೆಸ್ಟ್-ಟಾರ್ಗೆಟ್ ಆಗಿತ್ತು, ಟೋಕನ್‌ಗೆ ರೀಡ್ ರೈಟ್ ಎರಡೂ ಇತ್ತು, ಆ ಟೋಕನ್ನಿಂದ ಪಬ್ಲಿಶ್ ಮಾಡೋ ಇನ್ನೊಂದು ವರ್ಕ್‌ಫ್ಲೋವನ್ನ ಎಬ್ಬಿಸಿದ್ರು, ಎನ್‌ಪಿಎಂ ಟೋಕನ್ ಇದ್ದದ್ದು ಅಲ್ಲಿ. ಟೈಟಲ್ ನೋಡೋ ಕೆಲಸಕ್ಕೆ ರೈಟ್ ಯಾಕೆ ಬೇಕು? ಆ ಸಾಲಿನ ಪಕ್ಕ ಕಾರಣ ಬರೆಯೋಕೆ ಕೂತಿದ್ರೆ ಬರೆಯೋಕೆ ಏನೂ ಸಿಗ್ತಿರಲಿಲ್ಲ. ಕಾರಣ ಬರೀಬೇಕು ಅನ್ನೋ ಅಭ್ಯಾಸದ ನಿಜವಾದ ಲಾಭ ನನಗೆ ಕಾಣೋದು ಇಲ್ಲೇ.

ಹಾಗಂತ ಪರ್ಮಿಶನ್ ಸರಿ ಬರೆದ್ರೆ ಎಲ್ಲ ಬಚಾವ್ ಅಂತಲೂ ಅಲ್ಲ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್ ಚೇಂಜ್ಡ್-ಫೈಲ್ಸ್ ಪ್ರಕರಣ ಆಯ್ತಲ್ಲ, ಸೆಕ್ಯುರಿಟಿ ದೋಷಗಳ ಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2025-30066, 23,000ಕ್ಕೂ ಹೆಚ್ಚು ರೆಪೊಗಳು ಬಳಸ್ತಿದ್ದ ಆಕ್ಷನ್. ಹಳೆ ವರ್ಷನ್ ಟ್ಯಾಗ್‌ಗಳನ್ನೇ ಕೆಟ್ಟ ಕಮಿಟ್ ಕಡೆ ತಿರುಗಿಸಿದ್ರು, ಅದು ರನ್ನರ್‌ನ (ಜಾಬ್ ಓಡೋ ಮಷೀನ್) ಮೆಮೊರಿಯಿಂದ ಸೀಕ್ರೆಟ್ ತೆಗೆದು ಲಾಗ್‌ನಲ್ಲಿ ಅಚ್ಚು ಹಾಕ್ತಿತ್ತು. ಅಲ್ಲಿ ನಿಮ್ಮ ಎಡಬ್ಲ್ಯೂಎಸ್ ಕೀ ಇದ್ರೆ ಪರ್ಮಿಶನ್ಸ್ ಬ್ಲಾಕ್ ಅದನ್ನ ಕಾಯಲ್ಲ. ಅದಕ್ಕೆ ಆಕ್ಷನ್ನನ್ನ ಟ್ಯಾಗ್ ಬದ್ಲು ಪೂರ್ತಿ 40 ಅಕ್ಷರದ ಕಮಿಟ್ ಹ್ಯಾಶ್‌ಗೆ ಪಿನ್ ಮಾಡ್ಬೇಕು. ಗಿಟ್‌ಹಬ್ ಟೋಕನ್ ಕೈಗೆ ಸಿಕ್ಕಿದವರು ಅದರಿಂದ ಎಷ್ಟು ದೂರ ಹೋಗ್ಬೋದು ಅನ್ನೋದನ್ನ ಮಾತ್ರ ಪರ್ಮಿಶನ್ ತಡೀತದೆ, ಆ ಮಿತಿಯನ್ನೂ ಉದಾಹರಣೆಯಲ್ಲಿ ಪ್ರಾಮಾಣಿಕವಾಗಿ ಹೇಳ್ಬೇಕು, ಇಲ್ಲಾಂದ್ರೆ ಜನ ಸುಳ್ಳು ಧೈರ್ಯದಲ್ಲಿ ಇರ್ತಾರೆ.

ಬಿಲ್ಡ್_ಬಸಣ್ಣ

ಎನ್ಎಕ್ಸ್ ಕಥಿ ಕೇಳಿದ್ದೆ, ಟೈಟಲ್ ನೋಡೂ ವರ್ಕ್‌ಫ್ಲೋದಿಂದ ಆತು ಅನ್ನೂದು ಇಷ್ಟ್ ಬಿಡಿಸಿ ಗೊತ್ತಿದ್ದಿಲ್ರಿ.

ಹಂಗಾರ ಇನ್ನೊಂದು ಕೇಳ್ತೀನಿ. ಯಾಮಲ್‌ದಾಗ ಪುಲ್-ರಿಕ್ವೆಸ್ಟ್ಸ್: ರೈಟ್ ಸರಿಯಾಗಿ ಬರದ್ರೂ ಹೊರಗಿನ ಕಾಂಟ್ರಿಬ್ಯೂಟರ್ ಫೋರ್ಕ್‌ನಿಂದ (ನಮ್ಮ ರೆಪೊದ ಅವರದ ಕಾಪಿ) ಪಿಆರ್ ಕಳಿಸಿದ್ರ ಕಾಮೆಂಟ್ ಬೀಳಂಗಿಲ್ಲ, ಅದ 403. ಆವಾಗ ಜನ ಪುಲ್-ರಿಕ್ವೆಸ್ಟ್-ಟಾರ್ಗೆಟ್ ಹಾಕ್ರಿ, ಕೆಲಸ ಮಾಡ್ತೈತಿ ಅಂತ ಒಬ್ಬರಿಗೊಬ್ಬರು ಹೇಳ್ಕೋತಾರ. ಉದಾಹರಣಿಯೊಳಗ ಇದಕ್ಕ ಏನಂತ ಬರೀಬೇಕು?

ಕಡಲಬದಿ_ಲಾಗ್ಸ್

ಬಸಣ್ಣ, ಅದು ಬೇಕಂತಲೇ ಇಟ್ಟ ತಡೆ. ಫೋರ್ಕ್‌ನಿಂದ ಬಂದ ಪಿಆರ್ ಮಾಮೂಲು ಪುಲ್-ರಿಕ್ವೆಸ್ಟ್ ಟ್ರಿಗ್ಗರ್‌ನಲ್ಲಿ ಓಡುವಾಗ ನೀವು ರೈಟ್ ಅಂತ ಬರೆದಿದ್ದನ್ನೂ ಗಿಟ್‌ಹಬ್ ರೀಡ್‌ಗೆ ಇಳಿಸ್ತದೆ, ಸೀಕ್ರೆಟ್ಟೂ ಕೊಡಲ್ಲ, ಯಾಕಂದ್ರೆ ಆ ಪಿಆರ್ ಒಳಗಿನ ಕೋಡು ಯಾರದ್ದೋ ಏನೋ. ಪುಲ್-ರಿಕ್ವೆಸ್ಟ್-ಟಾರ್ಗೆಟ್ ಆದ್ರೆ ನಿಮ್ಮ ಮೂಲ ರೆಪೊದ ಲೆಕ್ಕದಲ್ಲಿ ಓಡ್ತದೆ, ರೈಟ್ ಟೋಕನ್ನೂ ಉಂಟು, ಸೀಕ್ರೆಟ್ಟೂ ಉಂಟು. ಅಲ್ಲಿ ಪಿಆರ್‌ನ ಕೋಡ್ ಚೆಕೌಟ್ ಮಾಡಿ ಟೆಸ್ಟ್ ಓಡಿಸಿದ್ರೆ, ಎನ್‌ಪಿಎಂ ಇನ್‌ಸ್ಟಾಲ್ ಹೊಡೆದ್ರೂ ಸಾಕು, ಹೊರಗಿನವರ ಕೋಡಿಗೆ ನಿಮ್ಮ ಟೋಕನ್ ಕೊಟ್ಟ ಹಾಗೆ. ಗಿಟ್‌ಹಬ್‌ನ ಸೆಕ್ಯುರಿಟಿ ಲ್ಯಾಬ್‌ನವರು ಇದನ್ನ ಪೌನ್ ರಿಕ್ವೆಸ್ಟ್ ಅಂತ ಕರೆದು 2021ರಿಂದಲೇ ಎಚ್ಚರಿಸ್ತಾ ಇದ್ದಾರೆ.

ಲೇಬಲ್ ಹಾಕೋದು ಮಾತ್ರ, ಪಿಆರ್ ಕೋಡ್ ಮುಟ್ಟೋದೇ ಇಲ್ಲ ಅಂದ್ರೆ ಟಾರ್ಗೆಟ್ ಬಳಸಬಹುದು, ಟೈಟಲ್ಲು, ಬ್ರಾಂಚ್ ಹೆಸರು ಇಂಥವನ್ನ ಶೆಲ್ ಒಳಗೆ ನೇರ ಹಾಕಬಾರದು ಅನ್ನೋ ಷರತ್ತಿನ ಮೇಲೆ. ನಿಮ್ಮದು ಡಾಕ್ಸ್ ಓದೋ ಆಕ್ಷನ್, ಅಲ್ವಾ, ಹಾಗಾಗಿ ಎರಡು ವರ್ಕ್‌ಫ್ಲೋ ಮಾಡಿ. ಮೊದಲನೇದು ರೀಡ್ ಮಾತ್ರ, ಲಿಂಕ್ ಚೆಕ್ ಮಾಡಿ ರಿಸಲ್ಟ್ ಆರ್ಟಿಫ್ಯಾಕ್ಟ್ (ರನ್ ಉಳಿಸಿಡೋ ಫೈಲ್) ಆಗಿ ಇಡ್ತದೆ. ಎರಡನೇದು ವರ್ಕ್‌ಫ್ಲೋ-ರನ್ ಟ್ರಿಗ್ಗರ್‌ನದ್ದು, ಅಂದ್ರೆ ಮೊದಲನೇದು ಓಡಿದ ಮೇಲೆ ಓಡುವಂಥದ್ದು, ಅದಕ್ಕೆ ಮಾತ್ರ ಪುಲ್-ರಿಕ್ವೆಸ್ಟ್ಸ್: ರೈಟ್, ಅದು ರಿಸಲ್ಟ್ ಓದಿ ಕಾಮೆಂಟ್ ಹಾಕ್ತದೆ, ಬೇರೆ ರನ್‌ನ ಆರ್ಟಿಫ್ಯಾಕ್ಟ್ ಇಳಿಸೋದಕ್ಕೆ ಆಕ್ಷನ್ಸ್: ರೀಡ್ ಕೂಡ ಬೇಕು. ಆರ್ಟಿಫ್ಯಾಕ್ಟ್ ಒಳಗಿರೋದನ್ನೂ ನಂಬೋ ಹಾಗಿಲ್ಲ, ಅದು ಹೊರಗಿನ ಕೋಡ್ ಬರೆದದ್ದು. ಉದಾಹರಣೆಯಲ್ಲಿ ಟ್ರಿಗ್ಗರ್ ಸಾಲಿನ ಪಕ್ಕವೇ ಬರೀರಿ, ಫೋರ್ಕ್ ಪಿಆರ್‌ಗೆ ಕಾಮೆಂಟ್ ಬೀಳಲ್ಲ, ಬೇಕಿದ್ರೆ ಎರಡನೇ ಉದಾಹರಣೆ ನೋಡಿ, ಟ್ರಿಗ್ಗರ್ ಬದಲಾಯಿಸಬೇಡಿ ಅಂತ. ಪರ್ಮಿಶನ್ ಸಾಲಿಗೆ ಎಷ್ಟು ಅರ್ಥ ಉಂಟೋ ಅದು ಟ್ರಿಗ್ಗರ್ ಜೊತೆಗೆ ಮಾತ್ರ, ಬಿಡಿಯಾಗಿ ಅಲ್ಲ.

ಆರನೇ_ಸೆಮ್

ಸರ್ ಹೇಳಿದ ಹಾಗೆ ಚೆಕ್ ಮಾಡಿದೆ, ಸೀನಿಯರ್ ರೆಪೊ 2020ರದ್ದು! ಅದರ ಸೆಟ್ಟಿಂಗ್ಸಲ್ಲಿ ಆಕ್ಷನ್ಸ್ ಕೆಳಗೆ ರೀಡ್ ಆ್ಯಂಡ್ ರೈಟ್ ಅಂತ ಇದೆ, ನನ್ನದ್ರಲ್ಲಿ ರೀಡ್ ಮಾತ್ರ. ಪುಲ್-ರಿಕ್ವೆಸ್ಟ್ಸ್: ರೈಟ್ ಒಂದೇ ಸಾಲು ಹಾಕಿ ನೋಡಿದೆ, ಪಬ್ಲಿಕ್ ರೆಪೊದಲ್ಲಿ ಓಡ್ತು. ಅದನ್ನೇ ಪ್ರೈವೇಟ್ ರೆಪೊದಲ್ಲಿ ಹಾಕಿದ್ರೆ ಚೆಕೌಟ್ ಸ್ಟೆಪ್ಪಲ್ಲೇ ನಿಂತು ರೆಪಾಸಿಟರಿ ನಾಟ್ ಫೌಂಡ್ ಅನ್ನುತ್ತೆ. ರೆಪೊ ಕಣ್ಮುಂದೆನೇ ಇದೆ, ಇಲ್ಲ ಅಂತಿದೆ! ಕಂಟೆಂಟ್ಸ್: ರೀಡ್ ಸೇರಿಸಿದ್ಮೇಲೆ ಸರಿ ಹೋಯ್ತು. ಈಗ ಡೌಟು, ಟೋಕನ್‌ಗೆ ನಿಜವಾಗ್ಲೂ ಏನ್ ಸಿಕ್ಕಿದೆ ಅಂತ ಎಲ್ಲಾದ್ರೂ ನೋಡಕ್ಕಾಗುತ್ತಾ?

ವೈಟ್‌ಫೀಲ್ಡ್_ಎಸ್ಆರ್‌ಇ

ಆಗುತ್ತೆ. ರನ್ ತೆಗೀರಿ, ಜಾಬ್ ಲಾಗ್‌ನಲ್ಲಿ ಮೊಟ್ಟಮೊದಲ ಸ್ಟೆಪ್ ಸೆಟ್ ಅಪ್ ಜಾಬ್ ಅಂತ ಇರುತ್ತಲ್ಲ, ಅದನ್ನ ಯಾರೂ ಬಿಚ್ಚಿ ನೋಡಲ್ಲ, ಅದರೊಳಗೆ ಗಿಟ್‌ಹಬ್ ಟೋಕನ್ ಪರ್ಮಿಶನ್ಸ್ ಅಂತ ಒಂದು ಗುಂಪಿದೆ, ಒತ್ತಿದ್ರೆ ಕಂಟೆಂಟ್ಸ್: ರೀಡ್, ಮೆಟಾಡೇಟಾ: ರೀಡ್, ಪುಲ್-ರಿಕ್ವೆಸ್ಟ್ಸ್: ರೈಟ್ ಅಂತ ಸಾಲಾಗಿ ತೋರ್ಸುತ್ತೆ. ಫೈಲಲ್ಲಿ ಬರೆದಿದ್ದೇನೇ ಇರ್ಲಿ, ಆ ಜಾಬ್‌ಗೆ ನಿಜವಾಗಿ ಸಿಕ್ಕಿದ್ದು ಅದು. ಫೋರ್ಕ್ ಪಿಆರ್‌ನ ರನ್ ತೆಗೆದು ನೋಡಿ, ನೀವು ರೈಟ್ ಬರೆದಿದ್ದು ಅಲ್ಲಿ ರೀಡ್ ಆಗಿ ಕೂತಿರುತ್ತೆ.

ಪಬ್ಲಿಕ್‌ನಲ್ಲಿ ಯಾಕೆ ಓಡ್ತು ಅಂದ್ರೆ ಪಬ್ಲಿಕ್ ಕೋಡ್ ಓದೋಕೆ ಯಾವ ಹಕ್ಕೂ ಬೇಡ. ಈ ಕಾರಣಕ್ಕೇ ಪಬ್ಲಿಕ್ ರೆಪೊದಲ್ಲಿ ಮಾತ್ರ ಟೆಸ್ಟ್ ಮಾಡಿ ಕೊಟ್ಟ ಉದಾಹರಣೆಗಳು ಆಫೀಸಿನ ಪ್ರೈವೇಟ್ ರೆಪೊಗೆ ಬಂದು ಮುರಿಯೋದು. ಕೋಡ್ ಸ್ಕ್ಯಾನಿಂಗ್ ರಿಸಲ್ಟ್ ಅಪ್‌ಲೋಡ್ ಮಾಡೋದೂ ಹಾಗೇ, ಸೆಕ್ಯುರಿಟಿ-ಈವೆಂಟ್ಸ್: ರೈಟ್ ಎಲ್ರಿಗೂ ಬೇಕು, ಪ್ರೈವೇಟ್ ಆದ್ರೆ ಆಕ್ಷನ್ಸ್: ರೀಡ್ ಮತ್ತೆ ಕಂಟೆಂಟ್ಸ್: ರೀಡ್ ಕೂಡ ಬೇಕು. ಅದರ ಉದಾಹರಣೆಗಳಲ್ಲಿ ಇವು ಪ್ರೈವೇಟ್ ರೆಪೊಗೆ ಮಾತ್ರ ಅಂತ ಕಾಮೆಂಟ್ ಹಾಕಿರ್ತಾರೆ, ಒಳ್ಳೆ ಪದ್ಧತಿ.

ರಾತ್ರಿಪಾಳಿ

ಜರ್ಮನಿಯಿಂದ ಬರೀತಿದೀನಿ, ತಡ ಆಯ್ತು. ಒಳ್ಳೆ ಚರ್ಚೆ. ಹೆಸರು ನೋಡಿ ಒಂದಂದ್ಕೊಂಡು ಒಳಗೆ ಇನ್ನೊಂದಿರೋ ಪರ್ಮಿಶನ್‌ಗಳಿಗೆ ಕಾಮೆಂಟ್ ಬೇಕೇ ಬೇಕು ಅಂತ ನನ್ನ ಅಭಿಪ್ರಾಯ.

ಐಡಿ-ಟೋಕನ್: ರೈಟ್ ತಗೊಳಿ. ರೈಟ್ ಅಂತ ನೋಡಿ ರಿವ್ಯೂ ಮಾಡೋರು ಹೆದರಿ ತೆಗೀರಿ ಅಂತಾರೆ, ಅದರಿಂದ ರೆಪೊದಲ್ಲಿ ಏನೂ ಬರೆಯಕ್ಕಾಗಲ್ಲ. ಈ ಜಾಬ್ ಗಿಟ್‌ಹಬ್ ಹತ್ರ ಓಐಡಿಸಿ (ಗುರುತು ತೋರಿಸೋ) ಟೋಕನ್ ಕೇಳ್ಬೋದು ಅಂತ ಮಾತ್ರ ಅದರರ್ಥ, ಅದನ್ನ ತೋರಿಸಿ ಎಡಬ್ಲ್ಯೂಎಸ್‌ಗೋ ಪೈಪಿಐಗೋ (ಪೈಥಾನ್ ಪ್ಯಾಕೇಜ್ ಹಂಚೋ ಜಾಗ) ನಾನು ಇಂಥ ರೆಪೊದ ಇಂಥ ವರ್ಕ್‌ಫ್ಲೋ ಅಂತ ಗುರುತು ಹೇಳ್ಕೊಳ್ಳೋದು, ಪಾಸ್‌ವರ್ಡ್ ಥರದ ಸೀಕ್ರೆಟ್ ಇಟ್ಕೊಳ್ಳೋ ಗೋಜೇ ಇಲ್ಲ. ಗಿಟ್‌ಹಬ್ ಪೇಜಸ್ ಡಿಪ್ಲಾಯ್ ಮಾಡೋ ಉದಾಹರಣೆಯಲ್ಲೂ ಪೇಜಸ್: ರೈಟ್ ಜೊತೆ ಇದು ಇರುತ್ತೆ, ಡಿಪ್ಲಾಯ್ ಸರಿಯಾದ ಕಡೆಯಿಂದಲೇ ಬಂದಿದೆ ಅಂತ ಖಾತ್ರಿ ಮಾಡೋಕೆ. ಇದಕ್ಕೆ ತದ್ವಿರುದ್ಧ ಕಂಟೆಂಟ್ಸ್: ರೈಟ್. ರಿಲೀಸ್ ಮಾಡೋಕೆ ಅಂತ ಕೇಳ್ತಾರೆ, ಕೇಳಿದ್ರೆ ಸಣ್ಣದು ಅನ್ಸುತ್ತೆ, ಆದ್ರೆ ರಿಲೀಸ್‌ಗೆ ಬೇರೆ ಪರ್ಮಿಶನ್ನೇ ಇಲ್ಲ, ಅದೇ ಕಂಟೆಂಟ್ಸ್: ರೈಟ್‌ನಲ್ಲಿ ಕೋಡ್ ಪುಶ್ ಮಾಡ್ಬೋದು, ಟ್ಯಾಗ್ ಬದಲಾಯಿಸ್ಬೋದು, ಬ್ರಾಂಚ್ ಅಳಿಸ್ಬೋದು. ಹಾಗಾಗಿ ಬರೀ ರಿಲೀಸ್‌ಗೆ ಅಂತ ಬರೆದ್ರೆ ಅರ್ಧ ಸತ್ಯ ಹೇಳಿದ ಹಾಗೆ. ರಿಲೀಸ್ ಮಾಡೋಕೆ ಬೇಕು, ಇದರಿಂದ ಪುಶ್ ಕೂಡ ಆಗುತ್ತೆ, ಅದಕ್ಕೇ ಈ ಜಾಬಲ್ಲಿ ಬೇರೆ ಆಕ್ಷನ್ ಸೇರಿಸಬೇಡಿ, ಹೀಗಿರ್ಬೇಕು ಕಾಮೆಂಟು.

ಆಮೇಲೆ ಯಾಮಲ್‌ನಲ್ಲಿ ಬರೆಯೋಕೇ ಆಗದೇ ಇರೋದೂ ಇದೆ. ವರ್ಕ್‌ಫ್ಲೋ ತಾನೇ ಪಿಆರ್ ತೆರೀಬೇಕು ಅಂದ್ರೆ ಕಂಟೆಂಟ್ಸ್, ಪುಲ್-ರಿಕ್ವೆಸ್ಟ್ಸ್ ಎರಡಕ್ಕೂ ರೈಟ್ ಕೊಟ್ರೂ ಸಾಲಲ್ಲ, ರೆಪೊ ಸೆಟ್ಟಿಂಗ್ಸ್‌ನಲ್ಲಿ ಆಕ್ಷನ್ಸ್ ಪಿಆರ್ ತೆರೀಬೋದು, ಅಪ್ರೂವ್ ಮಾಡ್ಬೋದು ಅನ್ನೋ ಚೆಕ್‌ಬಾಕ್ಸ್ ಬೇರೆ ಇದೆ. ಹಾಗೆ ತೆರೆದ ಪಿಆರ್‌ಗೆ ಸಿಐ (ಪ್ರತಿ ಬದಲಾವಣೆಗೂ ಓಡೋ ಟೆಸ್ಟ್, ಬಿಲ್ಡ್) ಮಾಮೂಲಿನ ಹಾಗೆ ತಾನಾಗೇ ಓಡಲ್ಲ, ಗಿಟ್‌ಹಬ್ ಟೋಕನ್‌ನಿಂದ ಆದ ಘಟನೆಗಳು ಸಾಮಾನ್ಯವಾಗಿ ಹೊಸ ರನ್ ಶುರು ಮಾಡಲ್ಲ, ಸುತ್ತಿ ಸುತ್ತಿ ಓಡೋದನ್ನ ತಡೆಯೋಕೆ. ಆಗ ಜನ ಪರ್ಸನಲ್ ಆಕ್ಸೆಸ್ ಟೋಕನ್ ಹಾಕ್ತಾರೆ. ಹಾಕಿದ ಕ್ಷಣ ನೀವು ಕಷ್ಟಪಟ್ಟು ಬರೆದ ಪರ್ಮಿಶನ್ಸ್ ಬ್ಲಾಕ್‌ಗೂ ಆ ಟೋಕನ್‌ಗೂ ಸಂಬಂಧಾನೇ ಇಲ್ಲ, ಅದಕ್ಕೆ ಹುಟ್ಟಿಸುವಾಗ ಏನು ಹಕ್ಕು ಕೊಟ್ರೋ ಅದೇ. ಉದಾಹರಣೆಯಲ್ಲಿ ಸೀಕ್ರೆಟ್ಸ್ ಡಾಟ್ ಅಂತ ಇನ್ನೊಂದು ಟೋಕನ್ ಇದ್ರೆ ಅದಕ್ಕೇನು ಹಕ್ಕು ಬೇಕು ಅಂತಾನೂ ಅದೇ ಜಾಗದಲ್ಲಿ ಬರೀಬೇಕು, ಇಲ್ಲಾಂದ್ರೆ ಮೇಲೆ ಅಚ್ಚುಕಟ್ಟಾಗಿ ರೀಡ್ ಅಂತ ಬರೆದು ಕೆಳಗೆ ಎಲ್ಲ ಹಕ್ಕಿರೋ ಟೋಕನ್ ಇಟ್ಟಿರೋ ಉದಾಹರಣೆ ಆಗುತ್ತೆ.

ಮೈಸೂರ್_ಪೈಪ್‌ಲೈನ್

ಇಷ್ಟೆಲ್ಲ ಕೈಯಲ್ಲಿ ಬರೀಬೇಕಾ? ಟೂಲ್‌ಗಳು ಇವೆಯಲ್ಲ. ಓಪನ್‌ಎಸ್‌ಎಸ್‌ಎಫ್ ಸ್ಕೋರ್‌ಕಾರ್ಡ್‌ನಲ್ಲಿ (ಪ್ರಾಜೆಕ್ಟ್‌ನ ಸೆಕ್ಯುರಿಟಿಗೆ ಅಂಕ ಕೊಡೋ ಟೂಲ್) ಟೋಕನ್-ಪರ್ಮಿಶನ್ಸ್ ಅಂತ ಚೆಕ್ ಇದೆ, ಆಕ್ಷನ್‌ಲಿಂಟ್ ಪರ್ಮಿಶನ್ ಹೆಸರು ತಪ್ಪು ಬರೆದ್ರೆ ಹಿಡಿಯುತ್ತೆ, ಗಿಟ್‌ಹಬ್ ಸೆಕ್ಯುರಿಟಿ ಲ್ಯಾಬ್‌ನವರ ಒಂದು ಮಾನಿಟರ್ ಆಕ್ಷನ್ ವರ್ಕ್‌ಫ್ಲೋ ಓಡುವಾಗ ಯಾವ್ಯಾವ ಎಪಿಐ ಕರೀತು ನೋಡಿ ಕನಿಷ್ಠ ಇಷ್ಟು ಪರ್ಮಿಶನ್ ಸಾಕು ಅಂತ ಹೇಳುತ್ತೆ. ಮನುಷ್ಯರು ಬರೆದ ಕಾಮೆಂಟು ಒಂದಿನ ಹಳೇದಾಗೇ ಆಗುತ್ತೆ, ಕೋಡ್ ಬದಲಾಗಿರುತ್ತೆ ಕಾಮೆಂಟ್ ಹಾಗೇ ಇರುತ್ತೆ, ಅದು ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು.

ತುಂಗಾತೀರ

ಟೂಲ್ ಬೇಕು, ಬೇಡ ಅಂತಿಲ್ಲ. ಆದ್ರೆ ಮಾನಿಟರ್ ನೋಡೋದು ಆವತ್ತು ಓಡಿದ್ದನ್ನ ಮಾತ್ರ. ಡಿಲೀಟ್-ಬ್ರಾಂಚ್ ಆಪ್ಶನ್ ಆನ್ ಇದ್ರೂ ಆವತ್ತು ಮುಚ್ಚಬೇಕಾದ ಪಿಆರ್ ಒಂದೂ ಇಲ್ಲದಿದ್ರೆ ಕಂ‌ಟೆಂಟ್ಸ್: ರೈಟ್ ಬೇಡ ಅನ್ನುತ್ತೆ. ರೈಟ್ ಇದೆ ಅಂತ ಸ್ಕೋರ್‌ಕಾರ್ಡ್ ಬೆರಳು ತೋರಿಸುತ್ತೆ, ಅದು ಯಾವ ಆಪ್ಶನ್‌ಗೆ ಅಂತ ಹೇಳಕ್ಕಾಗಲ್ಲ, ಅದು ಬರೆದವರ ತಲೆಯಲ್ಲಿದೆ. ಕಾಮೆಂಟ್ ಹಳೇದಾಗುತ್ತೆ ಅನ್ನೋದು ನಿಜವಾದ ಆಕ್ಷೇಪ, ಅದನ್ನ ಒಪ್ತೀನಿ. ಅದಕ್ಕೆ ಒಂದು ದಾರಿ, ಉದಾಹರಣೆಯನ್ನ ರೀಡ್‌ಮಿಲಿ ಮಾತ್ರ ಇಡೋ ಬದ್ಲು ರೆಪೊದಲ್ಲಿ ನಿಜವಾದ ವರ್ಕ್‌ಫ್ಲೋ ಫೈಲಾಗಿ ಇಟ್ಟು ನಮ್ಮ ಸಿಐನಲ್ಲೇ ಓಡಿಸೋದು, ರೀಡ್‌ಮಿಯ ತುಣುಕು ಆ ಫೈಲಿಂದ ತೆಗೆದಿದ್ದಾಗ್ಬೇಕು. ಆಗ ಪರ್ಮಿಶನ್ ಸಾಲದೇ ಹೋದ್ರೆ ನಮಗೇ ಮೊದಲು ಗೊತ್ತಾಗುತ್ತೆ.

ಮತ್ತೆ ಝಿಝ್ಮೋರ್ ಅನ್ನೋ ಟೂಲ್ ನೋಡಿದೀರಾ? ವರ್ಕ್‌ಫ್ಲೋಗಳ ಸೆಕ್ಯುರಿಟಿ ನೋಡೋ ಲಿಂಟರ್. ಜಾಸ್ತಿ ಪರ್ಮಿಶನ್ ಇದ್ರೆ ಹೇಳೋ ಆಡಿಟ್ ಅದರಲ್ಲಿ ಮೊದಲಿಂದ ಇದೆ, ಅದರ ಜೊತೆ ಈಗ ಪೆಡಾಂಟಿಕ್ ಮೋಡ್‌ನಲ್ಲಿ ಓಡಿಸಿದ್ರೆ ಕಾಮೆಂಟ್ ಇಲ್ಲದ ಪರ್ಮಿಶನ್ ಸಾಲುಗಳನ್ನೂ ಎತ್ತಿ ತೋರಿಸುತ್ತೆ. ನಾವಿಲ್ಲಿ ಮಾತಾಡ್ತಿರೋದು ಬರೀ ಆಸೆ ಅಲ್ಲ ಅನ್ನೋದಕ್ಕೆ ಹೇಳ್ದೆ. ಕಾರಣ ಸರಿ ಇದೆಯಾ ಅಂತ ಅದು ನೋಡಲ್ಲ, ಅದನ್ನ ರಿವ್ಯೂ ಮಾಡೋ ಮನುಷ್ಯರೇ ನೋಡ್ಬೇಕು.

ವೈಟ್‌ಫೀಲ್ಡ್_ಎಸ್ಆರ್‌ಇ

ರೀಯೂಸಬಲ್ ವರ್ಕ್‌ಫ್ಲೋ (ಬೇರೆ ವರ್ಕ್‌ಫ್ಲೋಗಳು ಕರೆದು ಬಳಸೋದು) ಹಂಚೋರಿಗೆ ಒಂದು ಮಾತು, ಇದನ್ನ ಯಾರೂ ಎತ್ತಿಲ್ಲ. ಕರೆಸ್ಕೊಳ್ಳೋ ವರ್ಕ್‌ಫ್ಲೋ ತನ್ನೊಳಗೆ ಪರ್ಮಿಶನ್ ಎಷ್ಟೇ ಬರ್ಕೊಂಡ್ರೂ ಕರೆದವರು ಕೊಟ್ಟಿದ್ದಕ್ಕಿಂತ ಜಾಸ್ತಿ ಸಿಗಲ್ಲ, ಕಡಿಮೆ ಮಾಡ್ಕೋಬೋದು ಅಷ್ಟೇ. ಕರೆಯೋರು ಆ ಫೈಲ್ ತೆಗೆದು ನೋಡೋದೇ ಇಲ್ಲ, ಒಂದು ಸಾಲಲ್ಲಿ ಕರೀತಾರೆ. ಹಾಗಾಗಿ ಫೈಲ್‌ನ ತಲೆಯಲ್ಲೇ ಕರೆಯೋರು ಏನು ಕೊಡ್ಬೇಕು ಅಂತ ಕಾಮೆಂಟ್ ಹಾಕಿ, ಕರೆಯೋ ಉದಾಹರಣೆಯಲ್ಲೂ ಅದನ್ನೇ ತೋರ್ಸಿ. ಹೊಸ ವರ್ಷನ್‌ನಲ್ಲಿ ಒಂದು ಪರ್ಮಿಶನ್ ಜಾಸ್ತಿ ಬೇಕಾದ್ರೆ ಕರೆಯೋರೆಲ್ಲರ ಸಿಐ ನಿಲ್ಲುತ್ತೆ, ಅದು ಬ್ರೇಕಿಂಗ್ ಚೇಂಜೇ, ಮೇಜರ್ ವರ್ಷನ್ ಏರಿಸಿ ರಿಲೀಸ್ ನೋಟ್ಸ್‌ನಲ್ಲಿ ಮೊದಲ ಸಾಲಲ್ಲಿ ಹೇಳಿ.

ಆರನೇ_ಸೆಮ್

ಅಕ್ಕಾ ನಮ್ಮ ಕ್ಲಬ್ ರೆಪೊದಲ್ಲಿ ಈ ಕಾಮೆಂಟುಗಳನ್ನ ಕನ್ನಡದಲ್ಲಿ ಬರೆದ್ರೆ ತೊಂದ್ರೆ ಆಗುತ್ತಾ? ಜೂನಿಯರ್ಸ್ ಜಾಸ್ತಿ ಜನ ಕನ್ನಡ ಮೀಡಿಯಮ್‌ನಿಂದ ಬಂದವರು, ಇಂಗ್ಲಿಷ್ ಕಾಮೆಂಟ್ ಇದ್ರೆ ದಾಟ್ಕೊಂಡು ಹೋಗ್ತಾರೆ.

ತುಂಗಾತೀರ

ಏನೂ ತೊಂದ್ರೆ ಇಲ್ಲ, ಯಾಮಲ್ ಯೂನಿಕೋಡ್ ಓದುತ್ತೆ, ಕಾಮೆಂಟಂತೂ ರನ್ ಆಗೋದೇ ಇಲ್ಲ. ಬಳಸೋರೆಲ್ಲ ಕನ್ನಡದವ್ರು ಅಂದ್ರೆ ಕನ್ನಡದಲ್ಲೇ ಬರೀ, ಹೊರಗಿನವರೂ ತಗೊಳ್ತಾರೆ ಅಂದ್ರೆ ಮೇಲೊಂದು ಕೆಳಗೊಂದು ಎರಡೂ ಹಾಕು. ಬರೆದು ಇಲ್ಲಿ ಹಾಕು, ನೋಡ್ತೀನಿ.

ಬಿಲ್ಡ್_ಬಸಣ್ಣ

ನಿನ್ನೆ ರಾತ್ರಿ ಕುಂತು ನಮ್ಮ ಲಿಂಕ್ ಚೆಕ್ಕರ್‌ನ ಉದಾಹರಣಿ ಎರಡು ಫೈಲ್ ಮಾಡಿ ಬರದೀನ್ರಿ. ಮೊದಲನೇದರಾಗ ಕಂಟೆಂಟ್ಸ್: ರೀಡ್ ಒಂದ. ಎರಡನೇದರಾಗ, ವರ್ಕ್‌ಫ್ಲೋ-ರನ್ ಇರೂದರಾಗ, ಆಕ್ಷನ್ಸ್: ರೀಡ್, ಪುಲ್-ರಿಕ್ವೆಸ್ಟ್ಸ್: ರೈಟ್, ಇಶ್ಯೂಸ್: ರೈಟ್. ಒಂದೊಂದಕ್ಕೂ ಪಕ್ಕದಾಗ ಕಾರಣ ಹಾಕೀನಿ. ಆಕ್ಷನ್ಸ್: ರೀಡ್‌ಗೆ ಆರ್ಟಿಫ್ಯಾಕ್ಟ್ ಇಳಿಸಾಕ ಅಂತ. ಇಶ್ಯೂಸ್: ರೈಟ್ ಮುಂದ ಏನ್ ಬರೀಬೇಕು ತಿಳೀವಲ್ದು, ಕಾಮೆಂಟ್ ಹಾಕೂ ಎಪಿಐ ಇಶ್ಯೂಸ್ ಕೆಳಗ ಐತಿ ಅಂತ ಮೊದಲಿಂದ ಇಟ್ಕೊಂಡ್ ಬಂದಿದ್ದು. ಪ್ರೈವೇಟ್ ರೆಪೊ, ಫೋರ್ಕ್ ಎರಡೂ ಕಡೆ ಓಡಿಸಿ ನೋಡೀನಿ, ಓಡ್ತೈತಿ.

ತುಂಗಾತೀರ

ಬಸಣ್ಣ ತುಂಬಾ ಖುಷಿ ಆಯ್ತು. ಇಶ್ಯೂಸ್: ರೈಟ್ ತೆಗೆದುಬಿಡಿ. ಆ ಎಪಿಐ ಇಶ್ಯೂ, ಪಿಆರ್ ಎರಡಕ್ಕೂ ಒಂದೇ, ಹೌದು, ಆದ್ರೆ ಪಿಆರ್ ಮೇಲೆ ಕಾಮೆಂಟ್ ಹಾಕೋಕೆ ಎರಡು ಪರ್ಮಿಶನ್‌ನಲ್ಲಿ ಒಂದಿದ್ರೆ ಸಾಕು, ನಿಮಗೆ ಪುಲ್-ರಿಕ್ವೆಸ್ಟ್ಸ್ ಇದೆ. ಅದನ್ನ ತೆಗೆದು ಫೋರ್ಕ್‌ನಿಂದ ಒಂದು ಪಿಆರ್ ಕಳಿಸಿ, ಸೆಟ್ ಅಪ್ ಜಾಬ್ ಬಿಚ್ಚಿ ಏನಿದೆ ನೋಡಿ ಇಲ್ಲಿ ಹಾಕಿ. ಓಡಿದ್ರೆ ನಾಳೆ ಸಂಜೆ ರಿವ್ಯೂಗೆ ಕೂರ್ತೀನಿ, ಕಡಲಬದಿಯವರೂ ಬಂದ್ರೆ ಆರ್ಟಿಫ್ಯಾಕ್ಟ್ ಓದೋ ಭಾಗ ಒಟ್ಟಿಗೆ ನೋಡೋಣ.